ಚಳಿಯ ಅಂಗಿಯೂ ಮನೆಯ ಕಂಬಳಿಯೂ

ಶಾಲೆಯ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದು ಕಳುಹಿಸಬೇಕೆಂದು ಹಳೆಯ ವಿದ್ಯಾರ್ಥಿನಿಯರಾದ ನಮಗೆ ಅಪ್ಪಣೆಯಾದಾಗ, ವಿದ್ಯೆಯ ಮಹಿಮೆ, ಸ್ತ್ರೀಯರ ಕರ್ತವ್ಯ ಮುಂತಾದ ಘನವಾದ ವಿಷಯಗಳನ್ನು ನಮಗಿಂತಲೂ ಬಲ್ಲವರು ಬರೆಯುವರೆಂದು ತಿಳಿದು, ನಾವು ಒಂದು ಸಾಮಾನ್ಯವಾದ ಸಂಗತಿಯನ್ನು ಆರಿಸಿಕೊಂಡೆವು. ಚಳಿಗಾಲಕ್ಕೆ ಬೇಕಾದ ಒಂದು ಬೆಚ್ಚನೆಯ ಅಂಗಿಯನ್ನು, ಕೊಟ್ಟ ಹಣಕ್ಕೆ ಮೋಸವಿಲ್ಲದಂತೆ, ಬಹುಕಾಲ ಬಾಳುವಂತೆ ನೋಡಿ ಕೊಳ್ಳುವುದು ಹೇಗೆಂಬುದೇ ಆ ಸಂಗತಿ. ಇದು ಹಗುರವಾದ ವಿಷಯವೆಂದು ಕೆಲವರು ನಗಬಹುದು. ಆದರೆ ಎಣಿಸಿ ಖರ್ಚು ಮಾಡುವ ಮನೆಗಳಲ್ಲಿ ಒಂದು ಅಂಗಿಯ ಕ್ರಯವು ಎಷ್ಟು ದಿನಗಳ ಆಲೋಚನೆಯನ್ನು ತೆಗೆದುಕೊಳ್ಳುವುದೆಂಬುದನ್ನು ನಮ್ಮ ಸೋದರಿಯರು ಚೆನ್ನಾಗಿ ಬಲ್ಲರು.

ನಾವು ಅಕ್ಕತಂಗಿಯರಿಬ್ಬರು. ಹಿರಿಯಳು ಗುಬ್ಬಿಯಲ್ಲಿಯೂ ಕಿರಿಯಳು ಕುಣಿಗಲ್ಲಿನಲ್ಲಿಯೂ ಸಂಸಾರ ಮಾಡಿಕೊಂಡಿದ್ದೇವೆ. ನಮ್ಮಿಬ್ಬರಿಗೂ ಪೇಟೆಯೆಂದರೆ ತುಮಕೂರು. ಏನನ್ನಾದರೂ ಕೊಳ್ಳಬೇಕಾದಾಗ ಒಬ್ಬಳು ಗುಬ್ಬಿಯಿಂದ ಇಪ್ಪತ್ತು ಕಿಲೋಮೀಟರು ದಾರಿ ನಡೆಸಿ, ಮತ್ತೊಬ್ಬಳು ಕುಣಿಗಲ್ಲಿನಿಂದ ಅದರ ಹೆಚ್ಚುಕಡಿಮೆ ಎರಡರಷ್ಟು ದಾರಿ ನಡೆಸಿ, ತುಮಕೂರಿನ ಬಸ್ ನಿಲ್ದಾಣದಲ್ಲಿ ಸೇರುವುದು ವಾಡಿಕೆ. ಬಟ್ಟೆಯ ವಿಷಯದಲ್ಲಿ ನಮಗೆ ಸ್ವಲ್ಪ ಧೈರ್ಯವಿರುವುದಾದರೆ ಅದಕ್ಕೆ ಶಾಲೆಯ ಹೊಲಿಗೆಯ ತರಗತಿಯೇ ಕಾರಣ. ನಾವು ಎಷ್ಟೇ ಅಂದವಾಗಿ ಹೊಲಿದ ಲಂಗವನ್ನು ಮುಂದಿಟ್ಟರೂ ಉಪಾಧ್ಯಾಯಿನಿಯವರು ಅದರ ಹೊರಮೈಯನ್ನು ನೋಡುತ್ತಲೇ ಇರಲಿಲ್ಲ. ಒಳಗನ್ನು ಹೊರಕ್ಕೆ ತಿರುಗಿಸಿ, ಹೊಲಿಗೆಯನ್ನು ಎರಡು ಹೆಬ್ಬೆರಳುಗಳಿಂದ ಎಳೆದು ನೋಡಿದ ಮೇಲೆಯೇ ಅಂಕ ಕೊಡುತ್ತಿದ್ದರು. ಆಗ ಅದು ಕ್ರೂರವೆಂದು ತೋರುತ್ತಿತ್ತು.

ನಮ್ಮ ತಮ್ಮನು ತೀರಿಕೊಂಡು ಮೂರು ವರ್ಷಗಳಾದ ಮೇಲೆ ಅವನ ಒಬ್ಬಳೇ ಮಗಳಿಗೆ ಉದಕಮಂಡಲದಲ್ಲಿ ದಾದಿಯರ ಶಿಕ್ಷಣಕ್ಕೆ ಸ್ಥಳ ದೊರೆಯಿತು. ನಮ್ಮ ತುಮಕೂರು ಸೀಮೆಯ ಚಳಿ ಅಷ್ಟೇನೂ ಘೋರವಲ್ಲ. ಧನುರ್ಮಾಸದ ಬೆಳಗಿನ ಜಾವದಲ್ಲಿ 15 ಡಿಗ್ರಿಗೆ ಇಳಿದರೆ ನಾವು ಕಿವಿಗೆ ಬಟ್ಟೆ ಕಟ್ಟಿಕೊಳ್ಳುವವರು. ಉದಕಮಂಡಲವಾದರೋ ಸಮುದ್ರಮಟ್ಟಕ್ಕಿಂತ ಸುಮಾರು 2,240 ಮೀಟರು ಎತ್ತರದಲ್ಲಿರುವುದು. ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳಲ್ಲಿ ಅಲ್ಲಿಯ ಹುಲ್ಲಿನ ಮೇಲೆ ಇಬ್ಬನಿಯು ಹೆಪ್ಪುಗಟ್ಟಿ ಬೆಳ್ಳಗಾಗುವುದು. ಹುಡುಗಿಯ ಎದೆ ಮೊದಲೇ ಮೃದು. ಮಳೆಗಾಲದಲ್ಲಿ ಕೆಮ್ಮು ಹತ್ತಿದರೆ ತಿಂಗಳುಗಟ್ಟಲೆ ಬಿಡದು.

ನಮ್ಮ ತಾಯಿಯವರು ತೆಂಗಿನಕಾಯಿ ಮಾರಿದ ಹಣದಲ್ಲಿ 3,000 ರೂಪಾಯಿಗಳನ್ನು ಗಂಟುಕಟ್ಟಿ ನಮ್ಮ ಕೈಗೆ ಕೊಟ್ಟು, ಪೆಟ್ಟಿಗೆ, ಪಾದರಕ್ಷೆ, ಕೊಡೆ, ಮಳೆಯ ಅಂಗಿ ಎಲ್ಲವೂ ಇದರಲ್ಲಿಯೇ ಆಗಬೇಕೆಂದು ಹೇಳಿದರು. ಬೆಚ್ಚನೆಯ ಬಟ್ಟೆಯ ಮಾತು ಬಂದಾಗ, “ಅವರಪ್ಪನ ಕಂಬಳಿ ಗಟ್ಟಿಮುಟ್ಟಾಗಿ ಇರುವಾಗ ದುಡ್ಡು ಯಾಕೆ ಸುಡುತ್ತೀರಿ?” ಎಂದರು. ಆ ಕಂಬಳಿಯನ್ನು ನಮ್ಮ ತಂದೆಯವರು 1986ರಲ್ಲಿ ಕೊಂಡಿದ್ದರು. ಅವರ ತರುವಾಯ ತಮ್ಮನು ತೋಟದ ಕಾವಲಿಗೂ ಮಳೆಗೂ ಹೊದೆಯುತ್ತಿದ್ದನು. ಹುಡುಗಿ ತಲೆ ತಗ್ಗಿಸಿ, “ಹಾಸ್ಟೆಲಿಗೆ ಅದನ್ನು ಹೊದ್ದುಕೊಂಡು ಹೋದರೆ ಎಲ್ಲರೂ ನಗುತ್ತಾರೆ ಅಜ್ಜಿ. ನನಗೆ ಒಂದು ಫ್ಲೀಸ್ ಜಾಕೆಟ್ಟು ಸಾಕು” ಎಂದಳು. ತಾಯಿಯವರು ಮಾತನಾಡದೆ ಎದ್ದು ಒಳಗೆ ಹೋದರು. ಒಂದು ಅಂಗಿಯ ಮಾತು ಕೇವಲ ಅಂಗಿಯದಾಗಿ ಉಳಿಯಲಿಲ್ಲವೆಂಬುದು ನಮ್ಮಿಬ್ಬರಿಗೂ ಆಗಲೇ ತಿಳಿಯಿತು.

ಫ್ಲೀಸ್ ಎಂಬ ಶಬ್ದದ ಅರ್ಥವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಯುಕ್ತ. ಕುರಿಯ ಮೈಯಿಂದ ಕತ್ತರಿಸಿದ ಉಣ್ಣೆಗೆ ನಮ್ಮವರು ತುಪ್ಪಟವೆನ್ನುವರು; ಇಂಗ್ಲೀಷಿನ ಫ್ಲೀಸ್ ಎಂಬುದೂ ಮೂಲತಃ ಅದೇ ತುಪ್ಪಟ. ಆದರೆ ಈಗ ಅಂಗಡಿಗಳಲ್ಲಿ ಆ ಹೆಸರಿನಿಂದ ಮಾರುವ ಬಟ್ಟೆಯಲ್ಲಿ ಕುರಿಯ ಒಂದು ಕೂದಲೂ ಇರುವುದಿಲ್ಲ. ಅದು ಪಾಲಿಯೆಸ್ಟರ್, ಎಂದರೆ ಕಲ್ಲೆಣ್ಣೆಯಿಂದ ಹುಟ್ಟಿದ ನೂಲು. ಅಮೆರಿಕಾ ದೇಶದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಮಾಲ್ಡನ್ ಮಿಲ್ಸ್ ಎಂಬ ಗಿರಣಿಯವರು 1979ರ ಸುಮಾರಿನಲ್ಲಿ ಇದನ್ನು ಮೊದಲು ಮಾಡಿದರು. ನೂಲನ್ನು ಕುಣಿಕೆಕುಣಿಕೆಯಾಗಿ ಹೆಣೆದು, ತಂತಿಯ ಬ್ರಷ್ಷುಗಳಿಂದ ಆ ಕುಣಿಕೆಗಳನ್ನು ಕೆದರಿ ಎಬ್ಬಿಸಿ, ಎದ್ದ ನವಿರನ್ನು ಸಮನಾಗಿ ಕತ್ತರಿಸುವರು. ಆ ನವಿರುಗಳ ನಡುವೆ ಗಾಳಿಯು ನಿಲ್ಲುವುದು. ನಿಂತ ಗಾಳಿಯೇ ಮೈಯ ಶಾಖವನ್ನು ಹೊರಕ್ಕೆ ಬಿಡದೆ ಕಾಯುವುದು. ಕುರಿಯ ತುಪ್ಪಟವು ಕೆಲಸ ಮಾಡುವ ರೀತಿಯೂ ಇದೇ. ಬಾಟಲಿಗಳನ್ನು ಕರಗಿಸಿ ಅದರ ನೂಲಿನಿಂದ ಈ ಬಟ್ಟೆಯನ್ನು ಮಾಡುವುದು 1993ರಿಂದ ರೂಢಿಗೆ ಬಂದಿತು.

ಆ ಗಿರಣಿಯ ಒಡೆಯನಾಗಿದ್ದ ಆರನ್ ಫಾಯರ್‌ಸ್ಟೈನ್ ಎಂಬಾತನ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲು ನಮಗೆ ಮನಸ್ಸಿಲ್ಲ. 1995ರ ಡಿಸೆಂಬರ್ 11ರಂದು ಗಿರಣಿಗೆ ಬೆಂಕಿ ಬಿದ್ದು ಬಹುಭಾಗ ಸುಟ್ಟುಹೋಯಿತು. ಆತನು ವಿಮೆಯ ಹಣವನ್ನು ತೆಗೆದುಕೊಂಡು ಸುಮ್ಮನಿರಬಹುದಾಗಿತ್ತು. ಹಾಗೆ ಮಾಡದೆ, ಅಲ್ಲಿಯೇ ಮತ್ತೆ ಕಟ್ಟುವೆನೆಂದು ಹೇಳಿ, ಕೆಲಸವಿಲ್ಲದ ತಿಂಗಳುಗಳಲ್ಲಿಯೂ ಕೆಲಸಗಾರರಿಗೆ ಸಂಬಳ ಕೊಟ್ಟನು. 2001ರಲ್ಲಿ ಆ ಸಂಸ್ಥೆ ದಿವಾಳಿಯಾಯಿತೆಂಬುದೂ ನಿಜವೇ. ನಮ್ಮ ವಿಷಯಕ್ಕೆ ಹೆಚ್ಚು ಸೇರಿದ ಸಂಗತಿಯೇನೆಂದರೆ, ಈ ಬಟ್ಟೆಯ ಮೇಲೆ ಅವರು ಪೇಟೆಂಟಿನ ಹಕ್ಕನ್ನು ಪಡೆಯಲಿಲ್ಲ. ಆದುದರಿಂದ ಲೋಕದ ಸಕಲ ಗಿರಣಿಗಳೂ ಅದನ್ನು ಮಾಡತೊಡಗಿದವು. ಒಳ್ಳೆಯದೂ ಕೆಟ್ಟದೂ ಒಂದೇ ಹೆಸರನ್ನು ಹೊತ್ತುಕೊಂಡು ಪೇಟೆಗೆ ಬಂದವು. ಹೆಸರನ್ನು ನಂಬಿ ಕೊಳ್ಳುವವರಿಗೆ ಇಲ್ಲಿ ಯಾವ ರಕ್ಷಣೆಯೂ ಇಲ್ಲ. ಕೈಯನ್ನೂ ಕಣ್ಣನ್ನೂ ನಂಬಬೇಕು.

ನಾವು ಹುಡುಗಿಯನ್ನು ಕರೆದುಕೊಂಡು ತುಮಕೂರಿನ ಎಂ.ಜಿ. ರಸ್ತೆಯಿಂದ ಆರಂಭಿಸಿದೆವು. ಮೊದಲು ನೋಡಿದ್ದು ರಸ್ತೆಯ ಬದಿಯಲ್ಲಿ ರಾಶಿ ಹಾಕಿದ್ದ ಜಾಕೆಟ್ಟುಗಳನ್ನು. ಒಂದಕ್ಕೆ 450 ರೂಪಾಯಿ. ಮುಟ್ಟಿದರೆ ಬೆಕ್ಕಿನ ಮರಿಯಂತೆ ಮೃದುವಾಗಿದ್ದವು. ಹುಡುಗಿಗೆ ಒಂದು ಗುಲಾಬಿ ಬಣ್ಣದ್ದು ಕೂಡಲೇ ಮೆಚ್ಚಿಗೆಯಾಯಿತು. ಆದರೆ ಹೊಸ ಬಟ್ಟೆಯ ಮೃದುತ್ವವು ಏನನ್ನೂ ಹೇಳುವುದಿಲ್ಲ. ಎಲ್ಲ ಫ್ಲೀಸೂ ಹೊಸದಾಗಿರುವಾಗ ಮೃದುವೇ. ನಾವು ಅದನ್ನು ಒಳಹೊರಗು ಮಾಡಿ, ತೋಳನ್ನು ಬಿಸಿಲಿಗೆ ಹಿಡಿದು ನೋಡಿದೆವು. ಹೆಣಿಗೆಯ ಸಂದುಗಳಲ್ಲಿ ಎದುರಿನ ಅಂಗಡಿಯ ಹಲಗೆಯೇ ಕಾಣಿಸಿತು. ನವಿರು ಎಷ್ಟೇ ದಟ್ಟವಾಗಿ ಕಂಡರೂ ಅದನ್ನು ಹಿಡಿದಿರುವ ಹೆಣಿಗೆಯು ಸಡಿಲವಾದರೆ, ಹತ್ತು ಸಾರಿ ಒಗೆಯುವಷ್ಟರಲ್ಲಿ ನವಿರು ಕಿತ್ತುಬಂದು ಗಂಟುಗಂಟಾಗುವುದು. ಅಂಗೈಯಿಂದ ಒಂದೇ ಕಡೆ ಇಪ್ಪತ್ತು ಸಾರಿ ಬಲವಾಗಿ ಉಜ್ಜಿದೆವು. ಆಗಲೇ ಸಣ್ಣ ಸಣ್ಣ ಉಂಡೆಗಳು ಎದ್ದವು. ಅಂಗಡಿಯಾತನು, “ಅಮ್ಮಾ, ತಗೊಳ್ಳೋಕೆ ಬಂದಿದ್ದೀರೋ ಹರಿಯೋಕೆ ಬಂದಿದ್ದೀರೋ?” ಎಂದನು. ಆತನ ಪ್ರಶ್ನೆಯಲ್ಲಿ ನ್ಯಾಯವಿತ್ತು. ನಾವು ಕ್ಷಮೆ ಕೇಳಿ ಮುಂದೆ ನಡೆದೆವು.

ಎರಡನೆಯದು ಗಾಜಿನ ಬಾಗಿಲಿನ ದೊಡ್ಡ ಅಂಗಡಿ. ಅಲ್ಲಿಯ ಜಾಕೆಟ್ಟಿಗೆ 2,800 ರೂಪಾಯಿ. ಎದೆಯ ಮೇಲೆ ಬೆಟ್ಟದ ಚಿತ್ರ. ಬಟ್ಟೆಯು ಒಳ್ಳೆಯದೇ ಆಗಿತ್ತು, ಹೊಲಿಗೆಯೂ ಚೆನ್ನಾಗಿತ್ತು. ಆದರೆ ಆ ಹಣದಲ್ಲಿ ಅರ್ಧಕ್ಕೆ ಹತ್ತಿರದ ಪಾಲು ಚಿತ್ರಕ್ಕೂ ಗಾಜಿನ ಬಾಗಿಲಿಗೂ ಸಲ್ಲುವುದೆಂದು ನಮಗೆ ತೋರಿತು. ಅದೇ ಅಂಗಡಿಯಲ್ಲಿ ಶುದ್ಧ ಉಣ್ಣೆಯೆಂದು ಹೇಳಿ ಒಂದು ಶಾಲನ್ನು ನಮ್ಮ ಮುಂದೆ ಹರಡಿದರು. ಅಂಚಿನಲ್ಲಿ ಜೋಲುತ್ತಿದ್ದ ಒಂದು ಎಳೆಯನ್ನು ಕೇಳಿ ತೆಗೆದುಕೊಂಡು, ಹೊರಗೆ ಬಂದ ಮೇಲೆ ಬೆಂಕಿಕಡ್ಡಿ ಗೀರಿ ಸುಟ್ಟು ನೋಡಿದೆವು. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಕರಿಯ ಬೂದಿಯಾಗಿ ಬೆರಳಿನಲ್ಲಿ ಪುಡಿಯಾಗಬೇಕು. ಇದು ಕರಗಿ ಕುಗ್ಗಿ ಗಟ್ಟಿಯಾದ ಮಣಿಯಾಯಿತು. ಈ ಪರೀಕ್ಷೆಯನ್ನು ನಮ್ಮ ಸೋದರಿಯರು ನೆನಪಿನಲ್ಲಿಡುವುದು ಉತ್ತಮ. ಎಳೆಯನ್ನು ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಸುಡಬೇಕು.

ಮೂರನೆಯ ಅಂಗಡಿ ಮಂಡಿಪೇಟೆಗೆ ಹೋಗುವ ದಾರಿಯಲ್ಲಿ, ಅಗಲ ಕಿರಿದಾದುದು. ಯಜಮಾನರು ವಯಸ್ಸಾದವರು, ನಾವು ಅಂಗಿಯನ್ನು ಒಳಹೊರಗು ಮಾಡಿದುದನ್ನು ಕಂಡು ಅಸಮಾಧಾನಪಡದೆ ದೀಪವನ್ನು ಹಾಕಿದರು. ಈ ಬಟ್ಟೆಯನ್ನು ತೂಕದಿಂದ ವಿಂಗಡಿಸುವರೆಂದು ಅವರೇ ತಿಳಿಸಿದರು: ಒಂದು ಚದರ ಮೀಟರಿಗೆ 100 ಗ್ರಾಂ ಇರುವುದು ತೆಳುವು, 200 ಗ್ರಾಂ ಮಧ್ಯಮ, 300 ಗ್ರಾಂ ದಪ್ಪ. ಚೀಟಿಯಲ್ಲಿ ಬರೆಯದೆ ಇದ್ದರೆ ಏನು ಮಾಡುವುದೆಂದು ಕೇಳಿದೆವು. ಅವರು ನಕ್ಕು, ಪಕ್ಕದ ದಿನಸಿ ಅಂಗಡಿಯ ತಕ್ಕಡಿಯನ್ನು ತೋರಿಸಿದರು. ಹುಡುಗಿಗೆ ನಾಚಿಕೆಯಾದರೂ ನಾವು ಬಿಡದೆ, ಅಕ್ಕಿ ತೂಗುವ ತಕ್ಕಡಿಯಲ್ಲಿ ಎರಡು ಜಾಕೆಟ್ಟುಗಳನ್ನು ತೂಗಿದೆವು. ಕಣ್ಣಿಗೆ ಒಂದೇ ದಪ್ಪವಾಗಿ ಕಾಣುತ್ತಿದ್ದ, ಒಂದೇ ಅಳತೆಯ ಆ ಎರಡರಲ್ಲಿ ಒಂದು 260 ಗ್ರಾಂ, ಇನ್ನೊಂದು 410 ಗ್ರಾಂ ಬಂದಿತು. ಹಗುರವಾದುದರ ನವಿರನ್ನು ಕೇವಲ ಹೆಚ್ಚಾಗಿ ಕೆದರಿ ಉಬ್ಬಿಸಿದ್ದರು. ದಿನಸಿ ಅಂಗಡಿಯ ಹುಡುಗನು ಇದುವರೆಗೆ ಬಟ್ಟೆಯನ್ನು ತೂಗಿರಲಿಲ್ಲವೆಂದು ಹೇಳಿ ಬಹಳ ಸಂತೋಷಪಟ್ಟನು.

ಆಮೇಲೆ ಹೊಲಿಗೆ. ಫ್ಲೀಸ್ ಅಂಗಿಯು ಬಟ್ಟೆಯಲ್ಲಿ ಹರಿಯುವುದು ಅಪರೂಪ; ಹೆಣೆದ ಬಟ್ಟೆಯಾದುದರಿಂದ ಕತ್ತರಿಸಿದ ಅಂಚೂ ಎಳೆ ಬಿಡುವುದಿಲ್ಲ. ಅದು ಕೆಡುವುದು ಮೂರು ಸ್ಥಳಗಳಲ್ಲಿ: ಕಂಕುಳಿನ ಕೆಳಗೆ, ಜೇಬಿನ ಮೂಲೆಯಲ್ಲಿ, ಜಿಪ್ಪಿನಲ್ಲಿ. ಕಂಕುಳಿನ ಹೊಲಿಗೆಯನ್ನು ಹೆಬ್ಬೆರಳುಗಳಿಂದ ಎರಡು ಕಡೆಗೂ ಎಳೆದರೆ ನೂಲಿನ ಹಲ್ಲುಗಳು ಕಾಣಬಾರದು. ಜೇಬಿನ ಮೂಲೆಗೆ ಅಡ್ಡಹೊಲಿಗೆ ಬಿದ್ದಿರಬೇಕು. ಜಿಪ್ಪಿನ ವಿಷಯದಲ್ಲಿ ನಮಗೆ ಕಠಿಣವಾದ ಅಭಿಪ್ರಾಯವೇ ಉಂಟು. ಕೆಟ್ಟ ಜಿಪ್ಪು ಹಾಕಿದ ಒಳ್ಳೆಯ ಅಂಗಿಯು, ಹಗ್ಗವಿಲ್ಲದ ಬಾವಿಯಂತೆ. ಹತ್ತು ಸಾರಿ ಮೇಲಕ್ಕೂ ಕೆಳಕ್ಕೂ ಎಳೆದು ನೋಡಬೇಕು; ಎಲ್ಲಿಯೂ ತಡೆಯಬಾರದು, ಕೆಳಗಿನ ಮೊಳೆಯು ಬಟ್ಟೆಯ ಪಟ್ಟಿಯಲ್ಲಿ ಅಲುಗಾಡಬಾರದು. ಜಪಾನಿನಲ್ಲಿ 1934ರಲ್ಲಿ ಆರಂಭವಾದ ವೈಕೆಕೆ ಸಂಸ್ಥೆಯ ಜಿಪ್ಪುಗಳ ಮೇಲೆ ಆ ಮೂರು ಅಕ್ಷರಗಳಿರುವುದು. ಅದು ಇದ್ದರೆ ಅಂಗಿ ಮಾಡಿದವನು ಜಿಪ್ಪಿನಲ್ಲಿ ಜಿಪುಣತನ ಮಾಡಿಲ್ಲವೆಂದು ಸಾಮಾನ್ಯವಾಗಿ ತಿಳಿಯಬಹುದು. ಆದರೂ ಅಕ್ಷರಗಳನ್ನು ಯಾರು ಬೇಕಾದರೂ ಅಚ್ಚೊತ್ತಬಹುದಾದುದರಿಂದ, ಎಳೆದು ನೋಡುವುದನ್ನು ಬಿಡಬಾರದು.

ಅಳತೆಯನ್ನು ಹುಡುಗಿಯರು ಕನ್ನಡಿಯಲ್ಲಿ ನೋಡುವರು. ಹಿರಿಯರಾದವರು ಅವಳ ಎರಡು ಕೈಗಳನ್ನೂ ಮೇಲಕ್ಕೆ ಎತ್ತಿಸಿ ನೋಡಬೇಕು. ಎತ್ತಿದಾಗ ಸೊಂಟ ಬಯಲಾದರೆ ಆ ಅಂಗಿ ಬೇಡ. ಒಳಗೆ ಒಂದು ಸ್ವೆಟರಿಗೆ ಎಡೆಯಿರಬೇಕು, ಕೊರಳಪಟ್ಟಿಯು ಗಲ್ಲದವರೆಗೆ ಬರಬೇಕು.

ನಮಗೆ ಒಪ್ಪಿಗೆಯಾದ 410 ಗ್ರಾಮಿನ ಜಾಕೆಟ್ಟಿಗೆ 1,500 ರೂಪಾಯಿ ಹೇಳಿ, ಕೊನೆಗೆ 1,350ಕ್ಕೆ ಕೊಟ್ಟರು. ಬಣ್ಣ ಕಡುನೀಲಿ, ಗುಲಾಬಿಯನ್ನು ಬಿಟ್ಟುಕೊಡುವಾಗ ಹುಡುಗಿಗೆ ಸ್ವಲ್ಪ ದುಃಖವಾಯಿತು. ತಾಯಿಯವರು ಕೊಟ್ಟ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಇದಕ್ಕೇ ಹೋದುದನ್ನು ಅವರಿಗೆ ಒಪ್ಪಿಸಬೇಕಾಗಿತ್ತು. ನಾವು ಹೀಗೆ ಲೆಕ್ಕ ಹೇಳಿದೆವು: ರಸ್ತೆಬದಿಯ 450 ರೂಪಾಯಿಯದು ಒಂದು ಚಳಿಗಾಲ ಬಂದರೆ ಹೆಚ್ಚು, ಮೂರು ವರ್ಷದ ಓದಿಗೆ ಮೂರನ್ನು ಕೊಂಡರೆ ಇದೇ 1,350 ಆಗುವುದು, ಇದು ಮೂರು ವರ್ಷವನ್ನೂ ದಾಟಿ ಇನ್ನೂ ಎರಡು ಮೂರು ಚಳಿಗಾಲ ನಡೆದರೆ ಅಷ್ಟೂ ಲಾಭ, ಮೇಲಾಗಿ ಅವಳು ಒಂದು ದಿನವೂ ತೆಳುವಾದ ಬಟ್ಟೆಯಲ್ಲಿ ನಡುಗುವಂತಿಲ್ಲ. ತಾಯಿಯವರು ಲೆಕ್ಕವನ್ನು ಒಪ್ಪಿದರು. “ಕಂಬಳಿಗೆ ಎಷ್ಟು ವರ್ಷವಾಯಿತು, ಅದನ್ನೂ ಭಾಗಿಸಿ ಹೇಳಿ” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಇಲ್ಲಿ ಕಂಬಳಿಯ ಪಕ್ಷವನ್ನು ಹೇಳದೆ ಹೋದರೆ ಅನ್ಯಾಯವಾಗುವುದು. ನಮ್ಮ ಜಿಲ್ಲೆಯು ಕುರಿಗೂ ಕಂಬಳಿಗೂ ಹೊರಗಿನದಲ್ಲ. ಶಿರಾ, ಪಾವಗಡ, ಚಿಕ್ಕನಾಯಕನಹಳ್ಳಿಯ ಕಡೆಯ ಒಣಭೂಮಿಯಲ್ಲಿ ಕುರಿಮಂದೆಗಳು ಬಹುಕಾಲದಿಂದ ಇವೆ; ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯು ಕಂಬಳಿಗೆ ನಾಡೆಲ್ಲ ಹೆಸರಾದ ಊರು. 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, 1807ರಲ್ಲಿ ತನ್ನ ಪ್ರವಾಸದ ಗ್ರಂಥವನ್ನು ಅಚ್ಚು ಹಾಕಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನೂ ಕುರುಬರ ಕಂಬಳಿಯನ್ನು ಕುರಿತು ಬರೆದಿರುವನು. ವರ್ಷಕ್ಕೆ ಎರಡು ಸಾರಿ ಕುರಿಯ ತುಪ್ಪಟವನ್ನು ಕತ್ತರಿಸಿ, ಬಿಲ್ಲಿನ ನಾರಿಯಿಂದ ಮೀಟಿ ಹಿಂಜಿ, ಹೆಂಗಸರು ನೂಲುವರು. ಗಂಡಸರು ಗುಂಡಿಮಗ್ಗದಲ್ಲಿ ನೇಯುವರು. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿಯನ್ನು ಸವರಿ ಬಿಗಿ ಮಾಡುವರು. ಆದುದರಿಂದ ಹೊಸ ಕಂಬಳಿಯು ಹಲಗೆಯಂತೆ ಗಡುಸಾಗಿ ಚುಚ್ಚುವುದು. ಅಂಗಡಿಯ ಜಾಕೆಟ್ಟಿನ ಸ್ವಭಾವಕ್ಕೆ ಇದು ನೇರವಾಗಿ ವಿರುದ್ಧ: ಅದು ಮೊದಲ ದಿನ ಅತಿ ಮೃದುವಾಗಿದ್ದು ದಿನೇದಿನೇ ಕೆಡುವುದು, ಇದು ಮೊದಲ ವರ್ಷ ಒರಟಾಗಿದ್ದು ಹತ್ತನೆಯ ವರ್ಷಕ್ಕೆ ಮೈಗೆ ಒಗ್ಗುವುದು. ಎಳೆಯ ಮರಿಯ ಮೊದಲ ಕತ್ತರಿಯ ಉಣ್ಣೆಯಿಂದ ನೇಯ್ದುದಾದರೆ ಆರಂಭದಿಂದಲೇ ನಯವಾಗಿರುವುದು. ಕ್ರಯವೂ ಅದಕ್ಕೆ ತಕ್ಕಂತೆ ಏರುವುದು.

ಕುಣಿಗಲ್ಲಿನಲ್ಲಿ ನಮ್ಮ ನೆರೆಯವರೊಬ್ಬರು ಹಿಂದೆ ಕುದುರೆಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದ ಕುದುರೆ ಫಾರಂ ಇರುವ ಊರಿನಲ್ಲಿ ಇಂತಹವರು ಅಪರೂಪವಲ್ಲ. ಓಡಿ ಬೆವರಿದ ಕುದುರೆಗೆ ಉಣ್ಣೆಯ ಹೊದಿಕೆಯನ್ನು ಏಕೆ ಹಾಕುವರೆಂದು ಕೇಳಿದಾಗ ಅವರು, “ಅಮ್ಮಾವ್ರೇ, ಉಣ್ಣೆ ಬೆವರನ್ನು ಕುಡಿದರೂ ತಣ್ಣಗಾಗೋದಿಲ್ಲ” ಎಂದರು. ಶಾಸ್ತ್ರಜ್ಞರು ಹೇಳುವುದೂ ಇದನ್ನೇ. ಉಣ್ಣೆಯು ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆಯೆನಿಸದು. ಪಾಲಿಯೆಸ್ಟರ್ ನೂಲು ನೂರಕ್ಕೆ ಒಂದು ಪಾಲನ್ನೂ ಹೀರುವುದಿಲ್ಲ. ಈ ಕಾರಣದಿಂದಲೇ ಫ್ಲೀಸ್ ಬಟ್ಟೆಯು ರಾತ್ರಿ ಒಗೆದು ಹರವಿದರೆ ಬೆಳಗಾಗುವಷ್ಟರಲ್ಲಿ ಒಣಗುವುದು, ಕಂಬಳಿಯಾದರೆ ಎರಡು ದಿನದ ಬಿಸಿಲು ಬೇಡುವುದು. ದಿನವೂ ಆಸ್ಪತ್ರೆಯ ವಾರ್ಡುಗಳಲ್ಲಿ ಓಡಾಡಿ, ಬಟ್ಟೆಯನ್ನು ಮೇಲಿಂದ ಮೇಲೆ ಒಗೆಯಬೇಕಾದ ಹುಡುಗಿಗೆ ಹಗಲಿಗೆ ಜಾಕೆಟ್ಟೇ ಸರಿಯೆಂದು ನಾವು ನಿಶ್ಚಯಿಸಿದುದು ಈ ಒಂದು ಗುಣದಿಂದಲೇ ಹೊರತು ಅದರ ಅಂದದಿಂದಲ್ಲ. ಗಾಳಿಯನ್ನು ಮಾತ್ರ ಅದು ತಡೆಯಲಾರದು. ಸ್ಕೂಟರಿನ ಮೇಲೆ ಗುಬ್ಬಿಯಿಂದ ತುಮಕೂರಿಗೆ ಬೆಳಿಗ್ಗೆ ಹೋಗುವ ಮಕ್ಕಳು ಫ್ಲೀಸ್ ತೊಟ್ಟೂ ನಡುಗುವುದನ್ನು ಕಂಡಿದ್ದೇವೆ; ಅದರ ಮೇಲೆ ತೆಳುವಾದ ಮಳೆಯಂಗಿಯೊಂದನ್ನು ತೊಟ್ಟರೆ ಸಾಕು.

ಬೆಂಕಿಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಸ್ನಾನದ ಹಂಡೆಗೆ ಇಂದಿಗೂ ತೆಂಗಿನ ಗರಿಯನ್ನೂ ಮಟ್ಟೆಯನ್ನೂ ಉರಿಸುವರು. ಚಳಿಯ ಬೆಳಿಗ್ಗೆ ಹೆಣ್ಣುಮಕ್ಕಳು ಆ ಒಲೆಯ ಮುಂದೆಯೇ ಕುಳಿತುಕೊಳ್ಳುವರು. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಶಾಖದಲ್ಲಿ ಕರಗುವುದು. ಕರಗಿದುದು ಚರ್ಮಕ್ಕೆ ಅಂಟಿಕೊಳ್ಳುವುದು. ಹಾರಿದ ಒಂದು ಕಿಡಿಯೂ ಜಾಕೆಟ್ಟಿನಲ್ಲಿ ತೂತು ಮಾಡುವುದು. ಉಣ್ಣೆಯು ಕರಗುವುದಿಲ್ಲ, ಉರಿಯು ಸುಲಭವಾಗಿ ಹತ್ತುವುದೂ ಇಲ್ಲ. ನಮ್ಮ ತಮ್ಮನು ತೋಟದಲ್ಲಿ ಬೆಂಕಿ ಹಾಕಿಕೊಂಡು ಕಂಬಳಿ ಹೊದ್ದು ರಾತ್ರಿಯೆಲ್ಲ ಕುಳಿತಿರುತ್ತಿದ್ದನು. ಕಂಬಳಿಯ ಅಂಚಿನಲ್ಲಿ ಕಿಡಿ ಬಿದ್ದ ಕಪ್ಪು ಚುಕ್ಕೆಗಳಿವೆ, ತೂತುಗಳಿಲ್ಲ. ಫ್ಲೀಸ್ ತೊಟ್ಟು ಒಲೆಯ ಮುಂದೆಯಾಗಲಿ ಹಾಸ್ಟೆಲಿನ ವಿದ್ಯುತ್ ಹೀಟರಿನ ಹತ್ತಿರವಾಗಲಿ ಕುಳಿತುಕೊಳ್ಳಕೂಡದೆಂದು ನಾವು ಹುಡುಗಿಯಿಂದ ಮಾತು ತೆಗೆದುಕೊಂಡೆವು. ಮನೆಯಲ್ಲಿ ಸೌದೆಯ ಒಲೆಯಿರುವ ತಾಯಂದಿರು ಅಡಿಗೆ ಮಾಡುವ ಮಕ್ಕಳಿಗೆ ಇದನ್ನು ಕೊಳ್ಳದಿರುವುದೇ ಲೇಸು. ಹತ್ತಿಯ ಫ್ಲಾನೆಲ್ ಬಟ್ಟೆಗೂ ಉರಿ ಬೇಗ ಹತ್ತುವುದಾದುದರಿಂದ, ಒಲೆಯ ಮುಂದೆ ಹಳೆಯ ಉಣ್ಣೆಯ ಸ್ವೆಟರೇ ಉತ್ತಮ.

ಒಗೆಯುವ ವಿಷಯ ಸ್ವಲ್ಪದರಲ್ಲಿ ಮುಗಿಯುವುದು. ಜಿಪ್ಪನ್ನು ಹಾಕಿ, ಒಳಗನ್ನು ಹೊರಕ್ಕೆ ಮಾಡಿ, ತಣ್ಣೀರಿನಲ್ಲಿ, ಕಲ್ಲಿಗೆ ಬಡಿಯದೆ ಹಿಂಡಬೇಕು, ಇಸ್ತ್ರಿ ಮುಟ್ಟಿಸಕೂಡದು. ಅಗತ್ಯವಿಲ್ಲದೆ ಒಗೆಯಲೂ ಕೂಡದು. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಇಂತಹ ಒಂದು ಅಂಗಿಯನ್ನು ಒಂದು ಸಾರಿ ಒಗೆದರೆ 1,900ಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ನೀರಿಗೆ ಬಿಡಬಲ್ಲವೆಂದು 2011ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಕಂಡುಬಂದಿತು. ಅವು ಕೊಳೆಯುವುದಿಲ್ಲ. ಊರ ಚರಂಡಿಯ ನೀರು ಕೊನೆಗೆ ಯಾವುದಾದರೊಂದು ಕೆರೆಯನ್ನೇ ಸೇರುವ ನಮ್ಮ ಸೀಮೆಯಲ್ಲಿ ಇದನ್ನು ಅಲಕ್ಷ್ಯ ಮಾಡುವಂತಿಲ್ಲ. ಸಡಿಲವಾದ ಅಗ್ಗದ ಬಟ್ಟೆಯಿಂದ ನವಿರು ಹೆಚ್ಚಾಗಿ ಉದುರುವುದು. ಗಟ್ಟಿಯಾದುದನ್ನು ಕೊಂಡು ಬಹುಕಾಲ ಬಳಸುವುದು ಇಲ್ಲಿಯೂ ಮೇಲು.

ಇಷ್ಟೆಲ್ಲ ತಿಳಿದ ಮೇಲೆ ಹೊಸ ಕಂಬಳಿಯನ್ನೇ ಏಕೆ ಎಲ್ಲರೂ ಕೊಳ್ಳಬಾರದೆಂದು ಓದುಗರು ಕೇಳಬಹುದು. ನಾವೂ ಕೇಳಿಕೊಂಡೆವು. ಶಿರಾ ಕಡೆಯಿಂದ ಕಂಬಳಿಗಳನ್ನು ಹೊತ್ತು ಗುಬ್ಬಿಗೆ ಬಂದಿದ್ದ ನೇಕಾರರೊಬ್ಬರನ್ನು ಮಾತನಾಡಿಸಿದಾಗ ಅವರು ಹೇಳಿದುದು ಸಂತೋಷದ ಸುದ್ದಿಯಲ್ಲ. ಕುರಿಗಳನ್ನು ಈಗ ಮಾಂಸಕ್ಕಾಗಿಯೇ ಸಾಕುವರು; ಒರಟು ಉಣ್ಣೆಗೆ ಬರುವ ಬೆಲೆಯು ಕತ್ತರಿಸುವ ಕೂಲಿಗೂ ಸಾಲದೆ, ಕೆಲವರು ತುಪ್ಪಟವನ್ನು ಬೇಲಿಗೆ ಎಸೆಯುವರಂತೆ. ನೂಲುವ ಹೆಂಗಸರು ವಯಸ್ಸಾದವರು, ಸೊಸೆಯಂದಿರು ಕಲಿಯಲಿಲ್ಲ. ಗಿರಣಿಯ ಕೃತಕ ನೂಲು ಬೆರೆಸಿದ ಕಂಬಳಿಗಳು ಅರ್ಧ ಬೆಲೆಗೆ ಬಂದು ಕುಳಿತಿವೆ. ಅವರ ಹೆಗಲ ಮೇಲೆ ಎರಡು ಬಗೆಯವೂ ಇದ್ದವು, ಯಾವುದು ಯಾವುದೆಂದು ಅವರೇ ಮೊದಲು ಹೇಳಿದರು. ಪೂರ್ತಿ ಉಣ್ಣೆಯದಕ್ಕೆ 2,200 ರೂಪಾಯಿ. ನಮ್ಮಲ್ಲಿ ಅಷ್ಟು ಉಳಿದಿರಲಿಲ್ಲ. ಹಳೆಯ ಕಂಬಳಿಯ ನುಸಿ ತಿಂದ ಕಡೆ ತುಂಬಲು ಒಂದು ಉಂಡೆ ಕರಿಯ ಉಣ್ಣೆಯ ನೂಲನ್ನು ಮಾತ್ರ ಅವರಿಂದ ಕೊಂಡೆವು. ಹಣ ಬೇಡವೆಂದರು; ಬಲವಂತವಾಗಿ 50 ರೂಪಾಯಿ ಕೊಟ್ಟೆವು.

ಹುಡುಗಿ ಜಾಕೆಟ್ಟನ್ನು ತೊಟ್ಟುಕೊಂಡು ಹೊರಟಳು. ಕಂಬಳಿಯ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ. ತಾಯಿಯವರು ಅದನ್ನು ಮಡಿಸಿ ಪೆಟ್ಟಿಗೆಯ ಮೇಲೆ ಇಟ್ಟಿದ್ದರು, ಅವಳು ಕಂಡೂ ಕಾಣದಂತೆ ದಾಟಿದಳು. ನಾವೂ ಬಲವಂತ ಮಾಡಲಿಲ್ಲ. ಹದಿನೆಂಟು ವರ್ಷದ ಹುಡುಗಿಗೆ ಹೊಸ ಸ್ಥಳದಲ್ಲಿ ಇತರರ ಕಣ್ಣಿಗೆ ಬೀಳುವ ಭಯವೂ ಒಂದು ಬಗೆಯ ಚಳಿಯೇ ಎಂದು ನಮ್ಮಲ್ಲಿ ಕಿರಿಯಳು ಹೇಳಿದಳು. ಹಿರಿಯಳು ಅದನ್ನು ಪೂರ್ತಿಯಾಗಿ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಜನವರಿಯಲ್ಲಿ ಅವಳು ಫೋನ್ ಮಾಡಿ, ನಮ್ಮನ್ನು ಕೇಳದೆ ಅಜ್ಜಿಯನ್ನೇ ಕೇಳಿದಳು. ಹಗಲಿಗೆ ಜಾಕೆಟ್ಟು ಸಾಕು, ವಾರ್ಡಿನಲ್ಲಿ ಎಲ್ಲರೂ ಅಂತಹದನ್ನೇ ತೊಡುವರು. ರಾತ್ರಿ ಮಾತ್ರ ಹಾಸ್ಟೆಲಿನ ಎರಡು ಹೊದಿಕೆಗಳೂ ಸಾಲವು, ಪಕ್ಕದ ಹಾಸಿಗೆಯ ಹುಡುಗಿ ತನ್ನೂರಿನಿಂದ ಉಣ್ಣೆಯ ಹೊದಿಕೆಯನ್ನು ತಂದಿದ್ದಾಳೆ, ಅಪ್ಪನ ಕಂಬಳಿಯನ್ನು ಕಳುಹಿಸಬಹುದೇ ಎಂದಳಂತೆ. ತಾಯಿಯವರು ಅದನ್ನು ಎರಡು ದಿನ ಬಿಸಿಲಿಗೆ ಹಾಕಿ ಬಡಿದರು. ನಾವು ಆ ಕರಿಯ ನೂಲಿನಿಂದ ನಾಲ್ಕು ತೂತುಗಳನ್ನು ತುಂಬಿದೆವು. ಬೇವಿನ ಎಲೆಗಳನ್ನು ಮಡಿಕೆಗಳಲ್ಲಿ ಇಟ್ಟು, ಹಳೆಯ ಸೀರೆಯಲ್ಲಿ ಸುತ್ತಿ ಹೊಲಿದು, ಗುಬ್ಬಿಯ ಅಂಚೆಮನೆಗೆ ಕೊಂಡುಹೋದೆವು. ತಕ್ಕಡಿಯಲ್ಲಿ 2 ಕಿಲೋ 600 ಗ್ರಾಂ ಬಂದಿತು. ತಾಯಿಯವರಿಗೆ ಆ ತೂಕವನ್ನು ಕೇಳಿ ಸಮಾಧಾನವಾಯಿತು. ಜಾಕೆಟ್ಟಿನ ತೂಕವನ್ನು ಅವರು ಮರೆತಿರಲಿಲ್ಲ.

ಜಾಕೆಟ್ಟಿಗೆ ಈಗ ಎರಡನೆಯ ಚಳಿಗಾಲ. ಜಿಪ್ಪು ಸರಿಯಾಗಿದೆಯಂತೆ. ಬಲಮೊಣಕೈಯ ಬಳಿ ಸ್ವಲ್ಪ ಗಂಟು ಕಟ್ಟಿದೆಯೆಂದು ಬರೆದಿದ್ದಾಳೆ. ರಜೆಗೆ ಬಂದಾಗ ಒಳಹೊರಗು ಮಾಡಿ ನೋಡಬೇಕು.